ಭರ್ಜಿ ಹಿಡಿದ ಗಂಡಸಿನ ಕಥೆ ಇನ್ನು ಸಾಕು

ನಮ್ಮ ಶಾಲೆಗಳ ಗೋಡೆಪಟಗಳಲ್ಲಿ, ಸಮಾಜ ವಿಜ್ಞಾನದ ಮೊದಲ ಪಾಠಗಳಲ್ಲಿ, ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಆದಿಮಾನವನಿಗೆ ಇರುವುದು ಒಂದೇ ರೂಪ. ಕೆದರಿದ ತಲೆ, ಸೊಂಟಕ್ಕೆ ತೊಗಲು, ಕೈಯಲ್ಲಿ ಭರ್ಜಿ, ಎದುರಿಗೆ ದೊಡ್ಡ ಪ್ರಾಣಿ. ಹೆಂಗಸಿಗೆ ಆ ಚಿತ್ರದಲ್ಲಿ ಜಾಗ ಸಿಕ್ಕಿದರೂ ಗುಹೆಯ ಬಾಯಲ್ಲಿ ಮಾತ್ರ. ಕಂಕುಳಲ್ಲಿ ಮಗು ಎತ್ತಿಕೊಂಡು, ಗಂಡಸು ಹೊತ್ತು ತರುವ ಮಾಂಸಕ್ಕೆ ಕಾದು ಕೂತಿರುತ್ತಾಳೆ. ಅವನು ಹಸಿದು ಅಲೆಯುತ್ತಿದ್ದ, ಪ್ರಾಣಿಗಳನ್ನು ಕೊಂದು ತಿನ್ನುತ್ತಿದ್ದ, ಆಮೇಲೆ ಬೇಸಾಯ ಕಲಿತು ನಾಗರಿಕನಾದ ಎಂಬ ನಾಲ್ಕು ಮಾತಿನಲ್ಲಿ ಲಕ್ಷಾಂತರ ವರ್ಷಗಳ ಬದುಕು ಮುಗಿದುಹೋಗುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಇದನ್ನೇ ಬರೆಯುತ್ತಾರೆ, ನಾವು ಅಂಕ ಕೊಡುತ್ತೇವೆ.

ಈ ಕಥೆ ಸುಳ್ಳು. ಹಳೆಯದಾಯಿತು, ಸ್ವಲ್ಪ ತಿದ್ದಿದರೆ ಸರಿಹೋದೀತು ಎನ್ನುವ ಜಾತಿಯದೂ ಅಲ್ಲ. ಮನುಷ್ಯರು ಏನು ತಿಂದು ಬದುಕಿದರು, ಆ ಅನ್ನವನ್ನು ತಂದವರು ಯಾರು, ಯಾರ ತಿಳಿವಳಿಕೆಯಿಂದ ಕುಲ ಉಳಿಯಿತು ಎಂಬ ಮೂರು ಪ್ರಶ್ನೆಗಳಿಗೂ ಇದು ತಪ್ಪು ಉತ್ತರ ಕಲಿಸುತ್ತದೆ. ಆ ತಪ್ಪಿನ ಬೆಲೆ ತೆರುತ್ತಿರುವವರು ಇವತ್ತು ನಾಗರಹೊಳೆಯಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಇದ್ದಾರೆ. ಆದ್ದರಿಂದ ಇದನ್ನು ಪಂಡಿತರ ನಡುವಿನ ಚರ್ಚೆಯೆಂದು ಬಿಟ್ಟು ಕೂರಲು ಆಗುವುದಿಲ್ಲ.

ಕಥೆ ಬಂದದ್ದಾದರೂ ಎಲ್ಲಿಂದ? 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿ ಸುಣ್ಣದ ಕಲ್ಲಿನ ಗಣಿಯಿಂದ ಪುಟ್ಟ ಮಗುವಿನ ತಲೆಬುರುಡೆಯೊಂದು ಹೊರಬಂತು. ಅದು ಮನುಷ್ಯ ಕುಲದ ದೂರದ ಪೂರ್ವಜರದೆಂದು ಗುರುತಿಸಿ, ಆಸ್ಟ್ರಲೋಪಿಥೆಕಸ್ ಎಂದು ಹೆಸರಿಟ್ಟವರು ರೇಮಂಡ್ ಡಾರ್ಟ್. ಆ ಗುರುತಿಸುವಿಕೆ ದೊಡ್ಡದು. ಆದರೆ ಮುಂದೆ ಅವರು ಗುಹೆಗಳಲ್ಲಿ ಸಿಕ್ಕ ಒಡಕು ಎಲುಬುಗಳನ್ನೆಲ್ಲ ಆಯುಧಗಳೆಂದು ಓದಿದರು. ನಮ್ಮ ಪೂರ್ವಜರು ಹುಟ್ಟಾ ಕೊಲೆಗಾರರು, ಕೊಲ್ಲುತ್ತಲೇ ವಾನರ ನರನಾದ ಎಂಬರ್ಥದ ಪ್ರಬಂಧವನ್ನು 1953ರಲ್ಲಿ ಪ್ರಕಟಿಸಿದರು. ನಾಟಕಕಾರ ರಾಬರ್ಟ್ ಆರ್ಡ್ರಿ 1961ರಲ್ಲಿ ‘ಆಫ್ರಿಕನ್ ಜೆನೆಸಿಸ್’ ಎಂಬ ಪುಸ್ತಕ ಬರೆದು ಅದನ್ನು ಜನಸಾಮಾನ್ಯರಿಗೆ ಮುಟ್ಟಿಸಿದರು. 1968ರಲ್ಲಿ ನಿರ್ದೇಶಕ ಕುಬ್ರಿಕ್ ಅವರ ಸಿನಿಮಾದ ಮೊದಲ ದೃಶ್ಯಗಳಲ್ಲಿ ವಾನರನೊಬ್ಬ ಎಲುಬನ್ನು ಎತ್ತಿ ಬೀಸಿದಾಗ ಜಗತ್ತು ಅದನ್ನೇ ಮಾನವನ ಹುಟ್ಟು ಎಂದು ನಂಬಿತು. ಎರಡು ಮಹಾಯುದ್ಧ ಕಂಡ ಶತಮಾನಕ್ಕೆ ಈ ಕಥೆ ಹಿತವಾಗಿತ್ತು. ಕೊಲ್ಲುವುದು ರಕ್ತದಲ್ಲೇ ಇದೆ ಎಂದಮೇಲೆ ಕೊಂದವರು ಉತ್ತರ ಕೊಡಬೇಕಾದ್ದಾದರೂ ಏನು?

ಅದೇ ದಕ್ಷಿಣ ಆಫ್ರಿಕಾದಲ್ಲಿ ಸಿ. ಕೆ. ಬ್ರೇನ್ ಎಂಬ ವಿಜ್ಞಾನಿ ಸ್ವಾರ್ಟ್‌ಕ್ರಾನ್ಸ್ ಗುಹೆಯ ಎಲುಬುಗಳನ್ನು ವರ್ಷಗಟ್ಟಲೆ ಒಂದೊಂದಾಗಿ ಪರೀಕ್ಷಿಸಿದರು. ಅಲ್ಲಿ ಮಾನವ ಬಳಗದ ಎಳೆಯ ಜೀವಿಯೊಂದರ ಬುರುಡೆಯ ಹಿಂಭಾಗದಲ್ಲಿ ಎರಡು ತೂತುಗಳಿದ್ದವು. ಕೊಲೆಗಾರ ವಾನರನ ಏಟಿನ ಗುರುತು ಎಂದು ಹೇಳಿಬಿಡುವುದು ಸುಲಭವಿತ್ತು. ಬ್ರೇನ್ ಅವರು ಅದೇ ಗುಹೆಯಲ್ಲಿ ಸಿಕ್ಕ ಚಿರತೆಯ ದವಡೆಯನ್ನು ತಂದು ಪಕ್ಕದಲ್ಲಿಟ್ಟರು. ಕೆಳಗಿನ ಎರಡು ಕೋರೆಹಲ್ಲುಗಳ ನಡುವಿನ ಅಂತರ ಆ ಎರಡು ತೂತುಗಳಿಗೆ ಸರಿಯಾಗಿ ಹೊಂದಿಕೊಂಡಿತು. ಚಿರತೆ ತನ್ನ ಬೇಟೆಯನ್ನು ಗುಹೆಯ ಬಾಯಿಯ ಮೇಲಿನ ಮರಕ್ಕೆ ಎಳೆದೊಯ್ದು ತಿಂದಿತ್ತು, ಉಳಿದ ಎಲುಬು ಕೆಳಗೆ ಬಿದ್ದಿತ್ತು. ಡಾರ್ಟ್ ಅವರ ಟೌಂಗ್ ಮಗುವನ್ನು ಕೊಂದದ್ದೂ ಒಂದು ದೊಡ್ಡ ಹದ್ದು ಎಂದು ಕಣ್ಣಿನ ಕುಳಿಯಲ್ಲಿ ಉಳಿದ ಗಾಯದ ಗುರುತುಗಳಿಂದ ಆಮೇಲೆ ತಿಳಿದುಬಂತು. ಯಾವ ಎಲುಬುಗಳ ಮೇಲೆ ‘ಬೇಟೆಗಾರ ಮಾನವ’ನ ಕಥೆ ಕಟ್ಟಿದರೋ ಅದೇ ಎಲುಬುಗಳು ಅವನು ಬೇಟೆಯಾಗಿದ್ದ ಎಂದು ಸಾಕ್ಷಿ ಹೇಳುತ್ತಿವೆ. ಬ್ರೇನ್ ಅವರ ಗ್ರಂಥ ಬಂದದ್ದು 1981ರಲ್ಲಿ. ನಮ್ಮ ಗೋಡೆಪಟ ಇನ್ನೂ ಬದಲಾಗಿಲ್ಲ.

ಬೇಟೆಯೇ ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಮುಚ್ಚಿಟ್ಟು ಪಾಠ ಹೇಳುವುದು ಅಪ್ರಾಮಾಣಿಕತೆ. ಮಣ್ಣಿನಲ್ಲಿ ಕಲ್ಲು ಉಳಿಯುತ್ತದೆ, ಎಲುಬು ಉಳಿಯುತ್ತದೆ. ಗೆಡ್ಡೆ ಅಗೆಯುವ ಕೋಲು, ನಾರಿನ ಚೀಲ, ಹೆಣೆದ ಬುಟ್ಟಿ, ಜೇನಿಗೆ ಹೋಗುವ ಬಳ್ಳಿ, ಮಗುವನ್ನು ಬೆನ್ನಿಗೆ ಕಟ್ಟುವ ತೊಗಲು ಎಲ್ಲವೂ ಕೊಳೆತು ಮಣ್ಣಾಗುತ್ತವೆ. ಅಲ್ಲೊಂದು ಇಲ್ಲೊಂದು ಉಳಿದುಬಿಟ್ಟಿರುವುದು ನಮ್ಮ ಪುಣ್ಯ. ಇಟಲಿಯ ಪೊಜೆಟ್ಟಿ ವೆಕ್ಕಿ ಎಂಬಲ್ಲಿ ಸುಮಾರು 1,70,000 ವರ್ಷ ಹಿಂದಿನ, ಬೆಂಕಿಗೆ ಹಿಡಿದು ಹದಮಾಡಿದ ಮರದ ಅಗೆಯುವ ಕೋಲುಗಳು ಸಿಕ್ಕಿವೆ. ಇಂಥವನ್ನು ಬಿಟ್ಟು ಕಲ್ಲನ್ನು ಮಾತ್ರ ನೋಡಿ ಬದುಕನ್ನು ಅಳೆದದ್ದೇ ಮೊದಲ ಅನ್ಯಾಯ. ನಾಳೆ ಯಾರಾದರೂ ನಮ್ಮ ಅಡುಗೆಮನೆಯಲ್ಲಿ ಕಬ್ಬಿಣದ ಕತ್ತಿಯನ್ನಷ್ಟೇ ಕಂಡು ಇವರು ಕೊಯ್ದು ಕೊಯ್ದೇ ಬದುಕಿದರು ಎಂದು ಬರೆದರೆ ಒಪ್ಪುತ್ತೇವೆಯೆ?

ಗಿಡದ ಆಹಾರದ ಗುರುತುಗಳನ್ನು ಹುಡುಕಿದವರಿಗೆ ಅವು ಸಿಕ್ಕಿವೆ. ಇಸ್ರೇಲಿನ ಗೆಶರ್ ಬೆನೊತ್ ಯಾಕೊವ್ ಎಂಬಲ್ಲಿ ನೀರಿನಡಿ ಉಳಿದಿದ್ದ ಸುಮಾರು 7,80,000 ವರ್ಷ ಹಿಂದಿನ ಪದರದಿಂದ ತಿನ್ನಬಹುದಾದ ಐವತ್ತಕ್ಕೂ ಹೆಚ್ಚು ಬಗೆಯ ಸಸ್ಯಗಳ ಕುರುಹು ಹೊರಬಂದಿದೆ. ಕಾಯಿ, ಬೀಜ, ಹಣ್ಣು, ನೀರಿನಲ್ಲಿ ಬೆಳೆಯುವ ಗೆಡ್ಡೆ ಎಲ್ಲವೂ ಅಲ್ಲಿವೆ. ಗಟ್ಟಿ ಕಾಯಿಗಳನ್ನು ಒಡೆಯಲು ಬಳಸಿದ ಗುಳಿಬಿದ್ದ ಕಲ್ಲುಗಳೂ ಅಲ್ಲಿಯೇ ಇವೆ. ದಕ್ಷಿಣ ಆಫ್ರಿಕಾದ ಬಾರ್ಡರ್ ಗುಹೆಯಲ್ಲಿ 1,70,000 ವರ್ಷ ಹಿಂದೆ ಯಾರೋ ಬೂದಿಯಲ್ಲಿ ಸುಡಲಿಟ್ಟ ಗೆಡ್ಡೆಗಳು ಕರಕಲಾಗಿ ಉಳಿದಿವೆ. ಮಾಂಸವಲ್ಲದೆ ಬೇರೇನೂ ಮುಟ್ಟದವರು ಎಂದು ಹೇಳಲಾಗುತ್ತಿದ್ದ ನಿಯಾಂಡರ್ತಾಲ್ ಎಂಬ ಪ್ರಾಚೀನ ಮಾನವರ ಹಲ್ಲಿನ ಕಿಟ್ಟವನ್ನು ಕೆರೆದು ಸೂಕ್ಷ್ಮದರ್ಶಕದಡಿ ಇಟ್ಟಾಗ, ಇರಾಕಿನ ಶಾನಿದಾರ್ ಗುಹೆಯವರ ಹಲ್ಲಿನಲ್ಲಿ ಬಾರ್ಲಿಯ ಬಳಗದ ಹುಲ್ಲಿನ ಪಿಷ್ಟದ ಕಣಗಳು ಕಂಡವು. ಕೆಲವು ಕಣಗಳು ಬೆಂದು ಉಬ್ಬಿದ್ದವು. 2011ರಲ್ಲಿ ಪ್ರಕಟವಾದ ಸಂಗತಿಯಿದು. ಗಲಿಲೀ ಸರೋವರದ ದಡದ ಒಹಾಲೊ ಎಂಬ ಬಿಡಾರದಲ್ಲಿ 23,000 ವರ್ಷ ಹಿಂದೆಯೇ ಜನ ಕಾಡುಗೋಧಿ, ಕಾಡುಬಾರ್ಲಿ ಬಾಚಿ ತಂದು ಕಲ್ಲಿನ ಮೇಲೆ ಅರೆಯುತ್ತಿದ್ದರು. ಬೇಸಾಯ ಹುಟ್ಟಲು ಆಗಿನ್ನೂ ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳಿದ್ದವು.

ಮಾಂಸ ತಿನ್ನಲಿಲ್ಲ ಎಂದು ನಾನು ಹೇಳುತ್ತಿಲ್ಲ. ತಿಂದರು, ಇಷ್ಟಪಟ್ಟು ತಿಂದರು, ಎಲುಬು ಒಡೆದು ಮಜ್ಜೆಯನ್ನೂ ತಿಂದರು. ಆದರೆ ದಿನದಿನದ ಹೊಟ್ಟೆ ತುಂಬಿಸಿದ್ದು ಯಾವುದು? ಟಾಂಜಾನಿಯಾದ ಹಾಡ್ಜಾ ಜನ ನುರಿತ ಬಿಲ್ಲುಗಾರರು. ಅವರ ನಡುವೆ ವರ್ಷಗಟ್ಟಲೆ ಲೆಕ್ಕವಿಟ್ಟ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ಕಂಡುಕೊಂಡದ್ದು ಇಷ್ಟು: ಒಬ್ಬ ಬೇಟೆಗಾರ ದಿನವೂ ಹೊರಟರೂ ದೊಡ್ಡ ಪ್ರಾಣಿ ದಕ್ಕುವುದು ಸರಾಸರಿ ತಿಂಗಳಿಗೊಂದು. ಉಳಿದ ಇಪ್ಪತ್ತೊಂಬತ್ತು ದಿನ ಅವನ ಮಕ್ಕಳು ಏನು ತಿಂದರು? ಬಾವೊಬಾಬ್ ಮರದ ಕಾಯಿ, ಬೋರೆಯಂಥ ಸಣ್ಣ ಹಣ್ಣು, ಜೇನು, ಮುಖ್ಯವಾಗಿ ಹೆಂಗಸರು ಅಗೆದ ಗೆಡ್ಡೆ. ಹಾಡ್ಜಾ ಹೆಂಗಸರು ಕೋಲಿನ ತುದಿಯನ್ನು ಚೂಪಾಗಿ ಕೆತ್ತಿ, ಬೆಂಕಿಗೆ ಹಿಡಿದು ಗಟ್ಟಿಮಾಡುತ್ತಾರೆ. ಗುಂಪಾಗಿ ಹೋಗಿ, ಬಳ್ಳಿ ನೋಡಿ, ಕಲ್ಲು ತುಂಬಿದ ನೆಲವನ್ನು ಅಗೆಯುತ್ತಾರೆ. ಅವರಲ್ಲಿ ಹೆಚ್ಚು ಹೊತ್ತು ದುಡಿಯುವವರು ಹೆರುವ ವಯಸ್ಸು ದಾಟಿದ ಅಜ್ಜಿಯರು. ಮಗಳು ಹೊಸ ಕೂಸನ್ನು ಮಡಿಲಲ್ಲಿಟ್ಟುಕೊಂಡಾಗ, ಹಾಲು ಬಿಟ್ಟ ದೊಡ್ಡ ಮಗುವಿನ ಮೈತೂಕ ಏರುವುದೂ ಇಳಿಯುವುದೂ ಅಜ್ಜಿ ಎಷ್ಟು ಹೊತ್ತು ಅಗೆದಳು ಎಂಬುದರ ಮೇಲೆ ನಿಂತಿತ್ತು ಎಂದು ಹಾಕ್ಸ್ ಮತ್ತು ಸಂಗಡಿಗರು ಅಳೆದು ತೋರಿಸಿದ್ದಾರೆ. ಹೆಂಗಸರು ಮುಟ್ಟು ನಿಂತ ಮೇಲೂ ಬಹುಕಾಲ ಬದುಕುವುದೇಕೆ ಎಂಬ ದೊಡ್ಡ ಪ್ರಶ್ನೆಗೆ ಹಾಕ್ಸ್ ಹುಡುಕಿದ ಉತ್ತರ ಈ ಅಜ್ಜಿಯರಲ್ಲಿದೆ. ನಮ್ಮ ಯಾವ ಗೋಡೆಪಟದಲ್ಲಿ ಅಜ್ಜಿ ಇದ್ದಾಳೆ?

1966ರಲ್ಲಿ ಷಿಕಾಗೋದಲ್ಲಿ ಜಗತ್ತಿನ ತಜ್ಞರೆಲ್ಲ ಸೇರಿ ಬೇಟೆ–ಸಂಗ್ರಹದ ಬದುಕಿನ ಬಗ್ಗೆ ಸಮ್ಮೇಳನ ನಡೆಸಿದರು. ‘ಮ್ಯಾನ್ ದಿ ಹಂಟರ್’, ಎಂದರೆ ಬೇಟೆಗಾರ ಮಾನವ, ಎಂಬ ಹೆಸರಿನಲ್ಲೇ ಅದರ ಗ್ರಂಥ 1968ರಲ್ಲಿ ಬಂತು. ಆ ಸಮ್ಮೇಳನದ ಸಂಚಾಲಕರಲ್ಲೊಬ್ಬರಾದ ರಿಚರ್ಡ್ ಲೀ ಅವರೇ ಅಲ್ಲಿ ಮುಂದಿಟ್ಟ ಲೆಕ್ಕ ಆ ಹೆಸರನ್ನು ಅಲ್ಲಗಳೆಯುವಂತಿತ್ತು. ಬೊಟ್ಸ್ವಾನಾದ ಡೋಬೆ ಎಂಬಲ್ಲಿ ಕಲಹಾರಿಯ ಕುಂಗ್ ಸಾನ್ ಜನರ ಆಹಾರವನ್ನು ಅವರು 1964ರಲ್ಲಿ ತೂಗಿ ಬರೆದಿಟ್ಟಿದ್ದರು. ತೂಕದಲ್ಲಿ ನೂರಕ್ಕೆ 60ರಿಂದ 80 ಭಾಗ ಸಸ್ಯಾಹಾರ, ಅದರಲ್ಲಿ ದೊಡ್ಡ ಪಾಲು ಮೊಂಗೊಂಗೊ ಎಂಬ ಕಾಯಿ. ಆಹಾರ ಹುಡುಕಲು ದೊಡ್ಡವರು ಖರ್ಚು ಮಾಡಿದ್ದು ವಾರಕ್ಕೆ ಎರಡೂವರೆ ದಿನದಷ್ಟು. ಒಡೆಯುವುದು, ಬೇಯಿಸುವುದು, ಹತ್ಯಾರು ರಿಪೇರಿ ಎಲ್ಲ ಸೇರಿಸಿದರೆ ದುಡಿಮೆಯ ಹೊತ್ತು ಹೆಚ್ಚಾಗುತ್ತದೆ, ನಿಜ. ಆದರೆ ಅದು ಭೀಕರ ಬರದ ವರ್ಷವಾಗಿತ್ತು ಎಂಬುದನ್ನು ಮರೆಯಬೇಡಿ. ಸುತ್ತಲಿನ ಹೆರೆರೊ ದನಗಾಹಿಗಳ ಹೆಂಗಸರು ಮನೆಯಲ್ಲಿ ಆಹಾರ ತೀರಿದಾಗ ಕುಂಗ್ ಹೆಂಗಸರ ಜೊತೆಗೂಡಿ ಕಾಡಿನಲ್ಲಿ ಆಯಲು ಹೊರಟರು. ಮುಂದುವರಿದವರು ಎನಿಸಿಕೊಂಡವರ ಹೊಟ್ಟೆಯನ್ನು ಆ ವರ್ಷ ತುಂಬಿಸಿದ್ದು ಹಿಂದುಳಿದವರು ಎನಿಸಿಕೊಂಡವರ ವಿದ್ಯೆ.

ಇನ್ನು ಬೇಟೆಯೆಂದರೆ ಗಂಡಸಿನ ಸೊತ್ತು ಎಂಬ ಮಾತು. ಫಿಲಿಪ್ಪೀನ್ಸಿನ ಆಗ್ತಾ ಹೆಂಗಸರು ಬಿಲ್ಲು ಹಿಡಿದು, ನಾಯಿಗಳನ್ನು ಕರೆದುಕೊಂಡು ಕಾಡುಹಂದಿ, ಜಿಂಕೆ ಹೊಡೆಯುತ್ತಿದ್ದರು. ಪೆರು ದೇಶದ ಆಂಡಿಸ್ ಬೆಟ್ಟದ ಮೇಲೆ ವಿಲಾಮಾಯಾ ಪಾಚ್ಷಾ ಎಂಬಲ್ಲಿ 9,000 ವರ್ಷ ಹಿಂದಿನ ಸಮಾಧಿಯೊಂದು ತೆರೆದಾಗ, ಈಟಿಯ ಕಲ್ಲಿನ ಮೊನೆಗಳು, ತೊಗಲು ಹೆರೆಯುವ ಕಲ್ಲುಗಳು ಒಂದು ಕಟ್ಟಾಗಿ ಪಕ್ಕದಲ್ಲಿದ್ದವು. ದೊಡ್ಡ ಬೇಟೆಗಾರನ ಸಮಾಧಿ ಎಂದೇ ಅಗೆದವರು ಮಾತಾಡಿಕೊಂಡರು. ಹಲ್ಲಿನ ಪ್ರೋಟೀನ್ ಪರೀಕ್ಷಿಸಿದಾಗ ಅದು ಹದಿಹರೆಯದ ಹೆಣ್ಣಿನದು ಎಂದು ತಿಳಿಯಿತು. 2020ರಲ್ಲಿ ಇದು ಪ್ರಕಟವಾಗುವ ಮುಂಚೆ ಎಷ್ಟು ಸಮಾಧಿಗಳನ್ನು ಆಯುಧ ಕಂಡಕೂಡಲೇ ಗಂಡಸಿನದೆಂದು ಬರೆದು ಮುಚ್ಚಿರಬಹುದು?

ಕಥೆಯ ಕೊನೆಯ ಭಾಗವೇ ಎಲ್ಲಕ್ಕಿಂತ ಹೆಚ್ಚು ಕೆಡುಕಿನದು: ಬೇಸಾಯ ಬಂತು, ಹಸಿವು ಹೋಯಿತು, ಮನುಷ್ಯ ಉದ್ಧಾರವಾದ. ಎಲುಬುಗಳು ಹಾಗೆ ಹೇಳುವುದಿಲ್ಲ. ಜಗತ್ತಿನ ಹಲವು ಕಡೆ ಬೇಸಾಯಕ್ಕೆ ಇಳಿದ ಮೊದಲ ತಲೆಮಾರುಗಳ ಅಸ್ಥಿಗಳಲ್ಲಿ ಎತ್ತರ ಕುಗ್ಗಿದೆ, ಹಲ್ಲು ಹುಳುಕಾಗಿದೆ, ರಕ್ತಹೀನತೆಯ ಗುರುತು ಹೆಚ್ಚಿದೆ. ಸಿರಿಯಾದ ಅಬು ಹುರೇರಾ ಊರಿನ ಮೊದಲ ರೈತಾಪಿ ಹೆಂಗಸರ ಎಲುಬುಗಳನ್ನು ಥೇಯಾ ಮೊಲ್ಲೆಸನ್ ಎಂಬ ವಿಜ್ಞಾನಿ ಪರೀಕ್ಷಿಸಿದರು. ಕಾಲಿನ ಹೆಬ್ಬೆರಳಿನ ಕೀಲು ಸವೆದು ವಿಕಾರಗೊಂಡಿತ್ತು, ಮಂಡಿ ಮತ್ತು ಸೊಂಟದ ಎಲುಬು ಜಖಂಗೊಂಡಿದ್ದವು. ಬೆರಳು ಮಡಚಿ ಮಂಡಿಯೂರಿ, ನೆಲದ ಮೇಲಿನ ಕಲ್ಲಿನಲ್ಲಿ ದಿನಕ್ಕೆ ಹಲವು ಗಂಟೆ ಕಾಳು ಅರೆದ ಹೆಂಗಸರ ಎಲುಬುಗಳವು. ಬೇಸಾಯದ ಮೊದಲ ಇತಿಹಾಸ ಬರೆದಿರುವುದು ಅಲ್ಲಿ, ಅವರ ಹೆಬ್ಬೆರಳಿನ ಮೇಲೆ. ಅದು ನಮ್ಮ ಪಾಠದಲ್ಲಿ ಯಾಕಿಲ್ಲ?

ಈಗ ಒಂದು ಆಕ್ಷೇಪ ಬರುತ್ತದೆ: ನೀವು ಕಾಡಿನ ಬದುಕನ್ನು ಸ್ವರ್ಗ ಮಾಡುತ್ತಿದ್ದೀರಿ, ಆ ಜನ ಮೂವತ್ತು ವರ್ಷಕ್ಕೇ ಸಾಯುತ್ತಿದ್ದರಲ್ಲ? ಆ ಮೂವತ್ತು ಎಂಬುದು ಸರಾಸರಿಯ ಕಣ್ಕಟ್ಟು. ಎಳೆಯ ಮಕ್ಕಳು ಬಹಳ ಸಾಯುತ್ತಿದ್ದವು. ಹುಟ್ಟಿದ ಹತ್ತರಲ್ಲಿ ನಾಲ್ಕೈದು ಮಕ್ಕಳು ಹದಿನೈದು ದಾಟುತ್ತಿರಲಿಲ್ಲ. ಅದು ದುಃಖದ ಸತ್ಯ. ಆಧುನಿಕ ಔಷಧ ಬರುವವರೆಗೆ ರೈತರ ಮನೆಗಳಲ್ಲೂ ಅದೇ ಸತ್ಯವಿತ್ತು. ಆದರೆ ಆ ವಯಸ್ಸು ದಾಟಿದವರ ಕಥೆ ಬೇರೆ. ಬೇಟೆ–ಸಂಗ್ರಹದ ಸಮುದಾಯಗಳ ಜನನ–ಮರಣದ ಲೆಕ್ಕವನ್ನು 2007ರಲ್ಲಿ ಒಟ್ಟುಮಾಡಿದ ಮೈಕೆಲ್ ಗರ್ವೆನ್ ಮತ್ತು ಹಿಲರ್ಡ್ ಕಪ್ಲಾನ್, ದೊಡ್ಡವರಾದವರಲ್ಲಿ ಅತಿ ಹೆಚ್ಚು ಸಾವು ಕಂಡುಬರುವ ವಯಸ್ಸು ಎಪ್ಪತ್ತರ ಆಸುಪಾಸು ಎಂದು ತೋರಿಸಿದರು. ಗೆಡ್ಡೆ ಅಗೆಯುವ ಅಜ್ಜಿ ಇರಬೇಕಾದರೆ ಹೆಂಗಸರು ಅಜ್ಜಿಯಾಗುವಷ್ಟು ಬದುಕಿರಲೇಬೇಕಲ್ಲವೆ?

ನಮ್ಮ ನೆಲದಲ್ಲೂ ಸಾಕ್ಷಿ ಇದೆ. ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಕೆ. ಪದ್ದಯ್ಯ ಅವರು ದಶಕಗಳ ಕಾಲ ಶೋಧ ನಡೆಸಿದರು. ಅಲ್ಲಿಯ ಇಸಾಂಪುರದ ಸುಣ್ಣದ ಕಲ್ಲಿನ ಹಾಸುಗಳ ಮೇಲೆ ಆದಿಮಾನವರು ಕೂತು ಕೈಕೊಡಲಿ ಕೆತ್ತಿದ ಜಾಗ ಸುಮಾರು 12 ಲಕ್ಷ ವರ್ಷ ಹಳೆಯದು. ಪದ್ದಯ್ಯ ಅವರು ಕಲ್ಲುಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಕಣಿವೆಯ ಒರತೆಗಳು ಎಲ್ಲಿ ಬೇಸಿಗೆಯಲ್ಲೂ ಬತ್ತುವುದಿಲ್ಲ, ಈಗಿನ ಜನ ಯಾವ ಕಾಡುಹಣ್ಣು, ಗೆಡ್ಡೆ, ಸೊಪ್ಪು, ಸಣ್ಣ ಪ್ರಾಣಿ ತಿನ್ನುತ್ತಾರೆ ಎಂದು ಓಡಾಡಿ ಕಲೆಹಾಕಿದರು. ಮಳೆಗಾಲದಲ್ಲಿ ಗುಂಪುಗಳು ಕಣಿವೆಯ ತುಂಬ ಹರಡಿಕೊಳ್ಳುತ್ತಿದ್ದವು, ಬೇಸಿಗೆಯಲ್ಲಿ ಒರತೆಯ ಹಳ್ಳಗಳ ಬಳಿ ಕೂಡಿಕೊಳ್ಳುತ್ತಿದ್ದವು ಎಂಬ ಚಿತ್ರವನ್ನು ಅವರು ಕೊಟ್ಟರು. ಋತು ಬಲ್ಲವರ, ನೀರು ಬಲ್ಲವರ ಬದುಕು ಅದು. ಹೊಸ ಶಿಲಾಯುಗದ ಕರ್ನಾಟಕದಲ್ಲಿ ಜನ ಕೊರಲೆ, ಹುರುಳಿ, ಹೆಸರನ್ನು ಬಿತ್ತತೊಡಗಿದ್ದೂ ಬಯಲಿನಲ್ಲಿ ತಾನಾಗಿ ಬೆಳೆದ ಹುಲ್ಲು–ಬಳ್ಳಿಗಳನ್ನು ತಲೆತಲಾಂತರ ಆಯ್ದ ಕೈಗಳ ಪರಿಚಯದಿಂದ. ಆಯ್ದವರಿಲ್ಲದೆ ಬಿತ್ತಿದವರಿಲ್ಲ. ಯಾದಗಿರಿಯ ಮಗುವಿಗೆ ತನ್ನ ಊರಿನ ಈ ಕಥೆ ಹೇಳದೆ, ಹಿಮದಲ್ಲಿ ಮ್ಯಾಮತ್ ಆನೆಗೆ ಭರ್ಜಿ ಎಸೆಯುವ ಯೂರೋಪಿನ ಗಂಡಸನ್ನು ತೋರಿಸಿ ಏನು ಕಲಿಸುತ್ತಿದ್ದೇವೆ?

ಕಲಿಸುತ್ತಿರುವುದು ಇದು: ಕಾಡಿನಲ್ಲಿ ಆಯ್ದು ತಿನ್ನುವವರು ಇನ್ನೂ ಮನುಷ್ಯರಾಗುವ ದಾರಿಯಲ್ಲಿರುವವರು, ಅವರನ್ನು ಅಲ್ಲಿಂದ ಎಬ್ಬಿಸಿದರೆ ಉಪಕಾರ. ಈ ಪಾಠ ಕಲಿತ ಮಕ್ಕಳೇ ಬೆಳೆದು ಅಧಿಕಾರಿಗಳಾಗುತ್ತಾರೆ, ಪತ್ರಕರ್ತರಾಗುತ್ತಾರೆ, ಸಫಾರಿ ಜೀಪಿನಲ್ಲಿ ಕೂರುವ ಪ್ರವಾಸಿಗರಾಗುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಾಗರಹೊಳೆ, ಬಂಡೀಪುರದ ಕಾಡುಗಳಿಂದ ಜೇನುಕುರುಬರನ್ನು, ಬೆಟ್ಟಕುರುಬರನ್ನು ಹೊರಹಾಕಿದಾಗ ನಾಡು ದೊಡ್ಡದಾಗಿ ನೊಂದುಕೊಳ್ಳಲಿಲ್ಲ. ಎಷ್ಟೋ ಕುಟುಂಬಗಳು ಕೊಡಗಿನ ಕಾಫಿ ತೋಟಗಳ ಲೈನ್‌ಮನೆ ಸೇರಿದವು. ಹೆಜ್ಜೇನು ಯಾವ ಮರಕ್ಕೆ ಯಾವ ಹೂವಿನ ಕಾಲದಲ್ಲಿ ಬರುತ್ತದೆ, ತುಡುವೆ ಯಾವ ಪೊಟರೆಯಲ್ಲಿ ಕೂರುತ್ತದೆ ಎಂದು ಬಲ್ಲವರು ಕೂಲಿಯಾಳುಗಳಾದರು. ಇದನ್ನು ಅಭಿವೃದ್ಧಿ ಎಂದು ಕರೆಯಲು ನಮಗೆ ಧೈರ್ಯ ಕೊಟ್ಟದ್ದು ಆ ಗೋಡೆಪಟವೇ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ಕಾಡುಗೆಣಸು ಅಗೆದಾಗ ಗೆಡ್ಡೆಯ ತಲೆಯನ್ನು ಬಳ್ಳಿಯ ಜೊತೆ ಉಳಿಸಿ ಮಣ್ಣು ಮುಚ್ಚುವುದು ಅವರ ಕ್ರಮ. ಮುಂದಿನ ವರ್ಷ ಅಲ್ಲೇ ಗೆಣಸು ಮತ್ತೆ ಬಲಿಯುತ್ತದೆ. ಬೇಸಿಗೆ ಬಲಿಯುವ ಮೊದಲೇ ಒಣ ಎಲೆಗೆ ಅವರು ಹಾಕುತ್ತಿದ್ದುದು ತರಗು ಬೆಂಕಿ, ನೆಲಮಟ್ಟದಲ್ಲಿ ಓಡಿ ಆರಿಹೋಗುವ ಬೆಂಕಿ. ಅದನ್ನು ಅಪರಾಧ ಮಾಡಿ ನಿಲ್ಲಿಸಿದ ಮೇಲೆ ನೆಲ್ಲಿಮರಗಳ ಕೊಂಬೆಗಳಿಗೆ ಉಪ್ಪಿಲು ಎಂಬ ಬದನಿಕೆ ವಿಪರೀತ ಹತ್ತಿತು, ಮರಗಳು ಒಣಗಿದವು, ಲಂಟಾನ ಕಾಡಿನೊಳಗೆ ನುಗ್ಗಿತು ಎಂದು ಸೋಲಿಗ ಹಿರಿಯರು ದಶಕಗಳಿಂದ ಹೇಳುತ್ತಿದ್ದಾರೆ. ಅವರ ಮಾತನ್ನು ಪರಿಸರ ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. ಕಾಡು ಓದಬಲ್ಲವರ ಕೈಯಿಂದ ಕಾಡು ಕಿತ್ತುಕೊಂಡು ಓದಲು ಬಾರದವರ ಕೈಗೆ ಕೊಟ್ಟದ್ದು ಯಾವ ಜಾಣತನ?

ಆದಿಮಾನವ ಮಾಂಸ ತಿಂದೇ ಬದುಕಿದ ಎಂಬ ಸುಳ್ಳನ್ನು ಮಾರಾಟಕ್ಕಿಟ್ಟವರೂ ಇದ್ದಾರೆ. ಪೂರ್ವಜರ ಆಹಾರ ಎಂಬ ಹೆಸರಿನಲ್ಲಿ ಮೂರು ಹೊತ್ತೂ ಮಾಂಸ ತಿನ್ನಿ, ಕಾಳು ಮುಟ್ಟಬೇಡಿ ಎಂದು ಬೋಧಿಸುವವರು ಒಹಾಲೊದ ಅರೆಯುವ ಕಲ್ಲನ್ನೂ ಶಾನಿದಾರ್‌ನ ಹಲ್ಲನ್ನೂ ನೋಡಿಲ್ಲ. ಅವರ ಬಗ್ಗೆ ಇಷ್ಟು ಸಾಕು.

ಪಠ್ಯಪುಸ್ತಕ ಬರೆಯುವವರಲ್ಲಿ ನನ್ನ ಒತ್ತಾಯ: ಮೊದಲ ಪಾಠವನ್ನು ಹೊಸದಾಗಿ ಬರೆಯಿರಿ. ಭರ್ಜಿಯ ಪಕ್ಕದಲ್ಲಿ ಅಗೆಯುವ ಕೋಲನ್ನೂ ಬುಟ್ಟಿಯನ್ನೂ ಅರೆಯುವ ಕಲ್ಲನ್ನೂ ಅಷ್ಟೇ ದೊಡ್ಡದಾಗಿ ಬರೆಸಿ. ಬೇಟೆಯ ಗುಂಪಿನಲ್ಲಿ ಹೆಣ್ಣಿಗೂ, ಬಿಡಾರದ ನಡುವೆ ಅಜ್ಜಿಗೂ ಜಾಗ ಕೊಡಿ. ಇಸಾಂಪುರವನ್ನು ಪಾಠದೊಳಗೆ ತನ್ನಿ. ವಸ್ತುಸಂಗ್ರಹಾಲಯಗಳು ಗಾಜಿನ ಹಿಂದಿನ ಗೊಂಬೆಗಳನ್ನು ಬದಲಿಸಲಿ. ಮೇಷ್ಟ್ರುಗಳು ಪುಸ್ತಕ ಬದಲಾಗುವವರೆಗೂ ಕಾಯಬೇಕಿಲ್ಲ. ನಿಮ್ಮೂರಿನ ಹಿರಿಯ ಹೆಂಗಸರನ್ನು ತರಗತಿಗೆ ಕರೆಸಿ, ಯಾವ ಸೊಪ್ಪು ಯಾವ ಮಳೆಗೆ ಏಳುತ್ತದೆ ಎಂದು ಮಕ್ಕಳಿಗೆ ಹೇಳಿಸಿ.

ಸರ್ಕಾರಕ್ಕೆ ಹೇಳುವುದು ಬೇರೆಯೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು ಕಾಡಿನಲ್ಲಿ ಬದುಕುವ ಈ ಜನರದೆಂದು ಒಪ್ಪಿದೆ. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಸ್ಥಳಾಂತರ ಕೂಡದು ಎಂದಿದೆ. ಕಾನೂನುಬಾಹಿರವಾಗಿ ಹೊರಹಾಕಿದವರಿಗೆ ಪುನರ್ವಸತಿಯ ಹಕ್ಕನ್ನೂ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿಯ ಕಾಡಿನೊಳಗೂ ಅದು ಸಾಧ್ಯ ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದರೂ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ಹಾಡಿಗೆ ತಾವೇ ನಡೆದು ಮರಳಿ, ಗುಡಿಸಲು ಹಾಕಿ, ನಮ್ಮ ಹಕ್ಕು ಕೊಡಿ ಎಂದು ಕೇಳಬೇಕಾಯಿತು. ಆ ಹಕ್ಕಿನ ಅರ್ಜಿಗಳನ್ನು, ರಾಜ್ಯದ ಉಳಿದ ಹಾಡಿಗಳ, ಪೋಡುಗಳ ಅರ್ಜಿಗಳನ್ನು ಇನ್ನು ತಡಮಾಡದೆ ಇತ್ಯರ್ಥಪಡಿಸಿ.